ಟಿಳಕವಾಡಿಯ ಪಶು ಚಿಕಿತ್ಸಾಲಯ: ರಕ್ತಪರೀಕ್ಷೆಯ ಜೊತೆಗೊಂದು ಪಾಠ

ಬೀದಿಯ ಗಂಡುಬೆಕ್ಕು ಕಚ್ಚಿ ಗಾಯಗೊಂಡಿದ್ದ ನಮ್ಮ ಬೆಕ್ಕನ್ನು ಬೆಳಗಾವಿಯ ಟಿಳಕವಾಡಿಯಲ್ಲಿರುವ ಖಾಸಗಿ ಪಶು ಚಿಕಿತ್ಸಾಲಯಕ್ಕೆ ಒಯ್ದಿದ್ದೆವು. ಬೆಕ್ಕಿನ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಎಫ್‌ಐವಿ ವೈರಾಣು ಮುಖ್ಯವಾಗಿ ಕಡಿತದಿಂದಲೇ ಹರಡುವುದರಿಂದ, ವೈದ್ಯರು ಕೆಲವು ಹನಿ ರಕ್ತ ತೆಗೆದು ಕಿಟ್‌ನಲ್ಲಿ ಪ್ರತಿಕಾಯಗಳಿಗಾಗಿ (ಸೋಂಕಿನ ವಿರುದ್ಧ ದೇಹ ತಯಾರಿಸುವ ಪ್ರೋಟೀನ್‌ಗಳು) ಪರೀಕ್ಷಿಸಿದರು. ಹೊಸ ಸೋಂಕು ಕೂಡಲೇ ಗೋಚರಿಸದೆಂದು ಎರಡು ತಿಂಗಳ ನಂತರ ಮತ್ತೆ ಬರಹೇಳಿದರು.

ಲಸಿಕೆ ಇಲ್ಲವೇ ಎಂದು ಕೇಳಿದಾಗ ಅವರು ಕೊಟ್ಟ ವಿವರಣೆಯೇ ಈ ಭೇಟಿಯ ನಿಜವಾದ ಲಾಭ. ಅಮೆರಿಕದಲ್ಲಿ 2002ರಲ್ಲಿ ಪರವಾನಗಿ ಪಡೆದ ನಿಷ್ಕ್ರಿಯ ವೈರಾಣುವಿನ ಲಸಿಕೆ ಈಗ ಅಲ್ಲಿ ಮಾರಾಟದಲ್ಲಿಲ್ಲ. ಅದನ್ನು ಪಡೆದ ಬೆಕ್ಕು ಪ್ರತಿಕಾಯ ಪರೀಕ್ಷೆಯಲ್ಲಿ ಸೋಂಕಿತ ಬೆಕ್ಕಿನಂತೆಯೇ ಕಾಣುತ್ತಿದ್ದುದು ದೊಡ್ಡ ತೊಡಕಾಗಿತ್ತು. ಇನ್ನೊಂದು ಬಗೆಯ ಲಸಿಕೆಯ ಪ್ರಯೋಗಗಳೂ ನಡೆದಿವೆ: ವೈರಾಣುವಿನ ಜೀನನ್ನು ಪ್ಲಾಸ್ಮಿಡ್ ಎಂಬ ಡಿಎನ್‌ಎಯ ಸಣ್ಣ ಉಂಗುರಕ್ಕೆ ಸೇರಿಸಿ ಸ್ನಾಯುವಿಗೆ ಚುಚ್ಚಿ, ದೇಹದ ಕೋಶಗಳಿಂದಲೇ ಅದರ ಪ್ರೋಟೀನ್ ತಯಾರಾಗುವಂತೆ ಮಾಡುವ ಡಿಎನ್‌ಎ ಲಸಿಕೆಯನ್ನು ಬೆಕ್ಕುಗಳಲ್ಲಿ ಎಫ್‌ಐವಿ ವಿರುದ್ಧವೂ, ಮಕಾಕ್ ಕೋತಿಗಳಲ್ಲಿ ಎಸ್‌ಐವಿ (ಎಚ್‌ಐವಿಗೆ ಹತ್ತಿರದ, ಕೋತಿಗಳ ವೈರಾಣು) ವಿರುದ್ಧವೂ ಪ್ರಯೋಗಿಸಿದ್ದಾರೆ. ಅದೊಂದೇ ಕೊಟ್ಟರೆ ಪ್ರತಿಕ್ರಿಯೆ ದುರ್ಬಲವಾಗಿರುವುದರಿಂದ, ಬಳಿಕ ಜೀನನ್ನು ಬೇರೊಂದು ವೈರಾಣುವಿನ ಮೂಲಕ ಒಯ್ಯುವ ಲಸಿಕೆಯಿಂದ ಅದನ್ನು ಬಲಪಡಿಸುವ ಕ್ರಮವೂ ಬಂದಿತು. ಕುದುರೆಗಳಿಗೆ 2005ರಲ್ಲೇ ಡಿಎನ್‌ಎ ಲಸಿಕೆ ದೊರೆತದ್ದು, ಮನುಷ್ಯರಿಗೆ ನಮ್ಮ ದೇಶದ ಕೋವಿಡ್ ಡಿಎನ್‌ಎ ಲಸಿಕೆ ಝೈಕೋವ್-ಡಿ 2021ರಲ್ಲಿ ಅನುಮತಿ ಪಡೆದದ್ದು (ಅದಕ್ಕೆ ಸೂಜಿಯೂ ಬೇಡವಂತೆ!) ನನಗೆ ಹೊಸ ಸಂಗತಿ.

ಕಾಯುವ ಕೋಣೆಯಲ್ಲಿ ನಾಯಿ, ಬೆಕ್ಕುಗಳನ್ನು ಒಟ್ಟಿಗೆ ಕೂರಿಸುವುದು ಮಾತ್ರ ಸರಿಯಲ್ಲ. ರಶೀದಿಯನ್ನೂ ಕೇಳಿಯೇ ಪಡೆಯಬೇಕಾಯಿತು.