ವರ್ಷಗಟ್ಟಲೆ ಮುಚ್ಚಿಟ್ಟ ಆಂಪ್ಲಿಫೈಯರ್‌ಗೆ ನೇರ ಕರೆಂಟ್ ಕೊಡಬೇಡಿ

ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. 1996ರಲ್ಲಿ ಅಡಿಕೆ ಮಾರಿದ ದುಡ್ಡಲ್ಲಿ ಅಪ್ಪ ಒಂದು ಆಂಪ್ಲಿಫೈಯರ್, ಎರಡು ದೊಡ್ಡ ಸ್ಪೀಕರ್ ತಂದಿದ್ದರು. ಅವರು ಹೋದ ಮೇಲೆ ಯಾರೂ ಹಾಕಿರಲಿಲ್ಲ. ಏಳು ಮಳೆಗಾಲ ಜಗಲಿ ಮೂಲೆಯಲ್ಲಿ ಹಳೇ ಬೆಡ್‌ಶೀಟ್ ಹೊದ್ದು ಕೂತಿತ್ತು. ಈ ಸಲ ಗೌರಿ ಹಬ್ಬಕ್ಕೆ ಅಮ್ಮ "ಒಂದ್ಸಲ ಹಾಕು, ಕೇಳೋಣ" ಅಂದರು. ಬೂಷ್ಟು ಒರೆಸಿ, ಪ್ಲಗ್ ಚುಚ್ಚಿ, ಸ್ವಿಚ್ ಒತ್ತಿಬಿಟ್ಟೆ.

ಮೊದಲು ಬಂದಿದ್ದು ಗುಂಯ್ ಅನ್ನೋ ಸದ್ದು. ವಾಲ್ಯೂಮ್ ಸೊನ್ನೆಗಿಳಿಸಿದರೂ ಅಷ್ಟೇ. ಹಾಗೆ ಕೇಳಿದರೆ ತಕ್ಷಣ ಆಫ್ ಮಾಡಿ. ಪವರ್ ಸಪ್ಲೈ ಕೆಪಾಸಿಟರ್ (ಕರೆಂಟ್ ಕೂಡಿಟ್ಟುಕೊಂಡು ಏರಿಳಿತ ಇಲ್ಲದೆ ಕೊಡುವ ಡಬ್ಬಿಯಂಥ ಭಾಗ) ಸೋತಾಗ ಬರುವ ಸದ್ದು ಅದೇ. ನಾನು ಧೂಳಿರಬೇಕು ಅಂದುಕೊಂಡು ಹಾಡು ಹಾಕಿದೆ. ಎರಡು ನಿಮಿಷಕ್ಕೆ ಟಪ್ ಅಂತು. ಎಡಗಡೆ ವೂಫರ್‌ನ (ದಪ್ಪ ಸದ್ದು ಕೊಡುವ ದೊಡ್ಡ ಸ್ಪೀಕರ್) ಕೋನ್ ಮುಂದಕ್ಕೆ ಉಬ್ಬಿ ಹಾಗೇ ನಿಂತಿತು. ಹಿಂದೆಯೇ ಹೊಗೆ. ಮುಟ್ಟಿದರೆ ಅಂಚಿನ ಫೋಮ್ ನೆನೆದ ರಸ್ಕಿನ ಹಾಗೆ ಬೆರಳಿಗೆ ಅಂಟಿಕೊಂಡು ಬಂತು.

ಬಿಚ್ಚಿಸಿದಾಗ ಒಂದು ಕೆಪಾಸಿಟರ್‌ನ ತಲೆ ಉಬ್ಬಿತ್ತು, ಸ್ಪೀಕರ್‌ಗೆ ಶಕ್ತಿ ಕೊಡುವ ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್ ಆಗಿತ್ತು. 40 ವೋಲ್ಟ್ ಡಿಸಿ (ಒಂದೇ ದಿಕ್ಕಿಗೆ ಹರಿಯುವ ಕರೆಂಟ್) ನೇರ ಸ್ಪೀಕರ್‌ಗೆ ಹರಿದಿತ್ತು. ಸ್ಪೀಕರ್ ಒಳಗಿನ ತಂತಿ ಸುರುಳಿ, ಅಂದರೆ 8 ಓಮ್‌ನ ಕಾಯಿಲ್‌ಗೆ ಅದು ಸುಮಾರು 200 ವ್ಯಾಟ್‌ನ ಬರೀ ಬಿಸಿ. ಫ್ಯೂಸ್ ಹೋಗಿದ್ದರೆ ವೂಫರ್ ಉಳೀಬಹುದಿತ್ತು. ಆದರೆ ಫ್ಯೂಸ್ ಜಾಗದಲ್ಲಿ ದಪ್ಪ ತಾಮ್ರದ ತಂತಿ ಸುತ್ತಿದ್ದರು! ಯಾವತ್ತೋ ರಿಪೇರಿ ಮಾಡಿದವರ ಕೆಲಸ. ನನಗೆ ಇವತ್ತಿಗೂ ಸಿಟ್ಟು ಇಳಿದಿಲ್ಲ.

ಸುಮ್ನೆ ಇಟ್ಟರೆ ಸಾಮಾನು ಹಾಳಾಗಲ್ಲ ಅಂದುಕೊಳ್ಳುತ್ತೇವೆ ಅಲ್ವಾ? ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಒಳಗೆ ದ್ರವ ಇರುತ್ತದೆ, ಅದು ನಿಧಾನ ಒಣಗುತ್ತದೆ. ಮೇಲೆ 85 ಡಿಗ್ರಿ ಅಂತ ಬರೆದಿರುವಂಥದ್ದು ಆ ಬಿಸಿಯಲ್ಲಿ ಸಾಮಾನ್ಯವಾಗಿ 2000 ಗಂಟೆ ಬಾಳುತ್ತದೆ. ಬಿಸಿ 10 ಡಿಗ್ರಿ ಇಳಿದಂತೆ ಆಯಸ್ಸು ಹೆಚ್ಚುಕಮ್ಮಿ ಎರಡು ಪಟ್ಟಾಗುತ್ತದೆ. ಆದರೆ ವರ್ಷಗಟ್ಟಲೆ ಕರೆಂಟ್ ಕಾಣದೆ ಇದ್ದರೆ ಒಳಗೆ ಕರೆಂಟ್ ಸೋರದಂತೆ ತಡೆಯುವ ತೆಳು ಆಕ್ಸೈಡ್ ಪದರ ಸವೆಯುತ್ತದೆ. ಆಮೇಲೆ ಒಮ್ಮೆಲೇ ಪೂರ್ತಿ ವೋಲ್ಟೇಜ್ ಬಿದ್ದರೆ ತಡೆಯೋಕಾಗಲ್ಲ. ಫೋಮ್ ಅಂತೂ ನಮ್ಮ ಮಲೆನಾಡಿನ ಥಂಡಿಗೆ ಬೇಗ ಪುಡಿಯಾಗುತ್ತದೆ, ರಬ್ಬರ್ ಅಂಚಿನದು ಜಾಸ್ತಿ ಬಾಳುತ್ತದೆ.

ನಿಮ್ಮನೇಲಿ ಇಂಥದ್ದಿದ್ದರೆ ಮೊದಲು ಸ್ಪೀಕರ್ ವೈರ್ ಕಳಚಿ. ಕೆಲಸ ಗೊತ್ತಿರುವವರ ಕೈಲಿ 60 ವ್ಯಾಟ್‌ನ ಹಳೇ ತಂತಿ ಬಲ್ಬನ್ನು ಸೀರೀಸ್‌ನಲ್ಲಿ, ಅಂದರೆ ಆಂಪ್ಲಿಫೈಯರ್‌ಗೆ ಹೋಗುವ ಕರೆಂಟ್ ಬಲ್ಬಿನ ಮೂಲಕವೇ ಹಾಯುವಂತೆ, ಹಾಕಿಸಿ ಆನ್ ಮಾಡಿಸಿ. ಎಲ್‌ಇಡಿ ಬಲ್ಬ್ ಆಗಲ್ಲ. ಬಲ್ಬ್ ಒಮ್ಮೆ ಹೊತ್ತಿ ಮಂಕಾದರೆ ಸರಿ. ಪ್ರಕಾಶವಾಗಿ ಉರೀತಾನೇ ಇದ್ದರೆ ಒಳಗೆ ಶಾರ್ಟ್ ಇದೆ. ಸ್ಪೀಕರ್ ಸಿಕ್ಕಿಸುವ ಮುಂಚೆ ಔಟ್‌ಪುಟ್‌ನಲ್ಲಿ ಡಿಸಿ ಅಳೆಸಿ, ಫ್ಯೂಸ್ ಸರಿಯಾದದ್ದೇ ಇದೆಯಾ ಕಣ್ಣಾರೆ ನೋಡಿ. ನೀವಾಗಿ ಮುಚ್ಚಳ ತೆಗೆದು ಕೈ ಹಾಕಬೇಡಿ, ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರುತ್ತದೆ.

ನಮ್ಮದು ರಿಪೇರಿ ಆಗಿದೆ. ಎಡಗಡೆ ವೂಫರ್‌ಗೆ ಹೊಸ ಕಾಯಿಲ್ ಇನ್ನೂ ಸಿಕ್ಕಿಲ್ಲ. ಅಮ್ಮ ಬಲಗಡೆ ಒಂದರಲ್ಲೇ ಕೇಳುತ್ತಿದ್ದಾರೆ.