ಸೆಕೆಂಡ್ ಲೈಫಾ, ವಿಆರ್‌ಚಾಟಾ, ರೋಬ್ಲಾಕ್ಸಾ?

ದಾವಣಗೆರೆ ವಿದ್ಯಾನಗರದ ರೂಮಲ್ಲಿ ಕೂತು ಹರಟೆ ಹೊಡಿಯೋಕೆ ಈ ಮೂರು ಆನ್‌ಲೈನ್ 3ಡಿ ಲೋಕದಲ್ಲಿ ಯಾವುದಕ್ಕೆ ಸೇರ್ಲಿ ಅಂತ ಕೇಳ್ದೆಲ್ಲ ತಮ್ಮಾ, ಮೂರಕ್ಕೂ ಸೇರೋದು ಫ್ರೀ, ದುಡ್ಡಿನ ವಿಷ್ಯ ಆಮೇಲೆ. ಸೆಕೆಂಡ್ ಲೈಫು 2003ರಿಂದ ಐತಿ, ಅಲ್ಲಿ ಜನ ತಾವೇ ಮನೆ, ಬಟ್ಟೆ, ಊರಿಗೂರೇ ಮಾಡಿ ಲಿಂಡನ್ ಡಾಲರಿಗೆ, ಅಂದ್ರೆ ಅಲ್ಲಿನ ದುಡ್ಡಿಗೆ, ಮಾರ್ತಾರೆ, ಸುಮ್ನೆ ಅಡ್ಡಾಡಿ, ಟೈಪ್ ಮಾಡ್ತಾ ನಿಧಾನಕ್ಕೆ ಪರಿಚಯ ಮಾಡ್ಕೊಳ್ಳೋಕೆ ನಂಗಂತೂ ಅದೇ ಇಷ್ಟ, ಆದ್ರೆ ಸ್ವಂತ ಜಾಗ ಬೇಕಂದ್ರೆ ತಿಂಗಳ ತಿಂಗಳ ಖರ್ಚು ಬೀಳ್ತತಿ, ಮತ್ತೆ ಅಲ್ಲಿ ಗಡಿಯಾರ ಕ್ಯಾಲಿಫೋರ್ನಿಯಾ ಟೈಮು, ಅವ್ರ ಸಂಜೆ ಗದ್ದಲ ನಮ್ಗೆ ಬೆಳಗ್ಗೆ. ವಿಆರ್‌ಚಾಟಲ್ಲಿ ಮಾತೇ ಮುಖ್ಯ, ಇಂಗ್ಲಿಷ್ ಮಾತಾಡೋ ಅಂಜಿಕೆ ಬಿಡಬೇಕಂದ್ರೆ ಅಲ್ಲಿಗೇ ಹೋಗು. ಕಣ್ಣಿಗೆ ಹಾಕ್ಕೊಳ್ಳೋ ವಿಆರ್ ಹೆಡ್‌ಸೆಟ್ ಇಲ್ದಿದ್ರೂ ಪಿಸಿಯಲ್ಲಿ ನಡೀತತಿ, ಮೊದ್ಲೇ ದುಡ್ಡು ಸುರೀಬೇಡ. ಇರೋದು ಫೋನೊಂದೇ ಅಂದ್ರೆ ರೋಬ್ಲಾಕ್ಸ್ ಹಗುರ, ಚಿಕ್ಕ ಮಕ್ಳು ಭಾಳ, ಆಟಕ್ಕೆ ಸರಿ, ನೀನು ಹೇಳೋ ಹರಟೆಗಲ್ಲ. ಎಲ್ಲೇ ಆಗ್ಲಿ ನಿಜವಾದ ಹೆಸರು, ನಂಬರ್ ಕೊಡಬೇಡ.