ಗರ್ಭಿಣಿಯರ ಯೋಗ ತರಗತಿ: ಉಸಿರಾಟಕ್ಕೆ ಪೂರ್ತಿ ಅಂಕ, ಉಳಿದದ್ದಕ್ಕೆ ನೋಡಿಕೊಂಡು

ಯೋಗ ಮತ್ತು ಹೆರಿಗೆ ತಯಾರಿ ಎರಡನ್ನೂ ಸೇರಿಸಿ ಕಲಿಸುವ ತರಗತಿ ಎಂಥದ್ದೆಂದು ಮೊದಲ ಹತ್ತು ನಿಮಿಷದಲ್ಲೇ ಗೊತ್ತಾಗುತ್ತದೆ. ಎಷ್ಟನೇ ವಾರ, ಬಿಪಿ ಹೇಗಿದೆ, ರಕ್ತಸ್ರಾವ ಆಗಿತ್ತೇ, ಸ್ಕ್ಯಾನ್‌ನಲ್ಲಿ ಮಾಸು ಕೆಳಗಿದೆ ಎಂದಿದ್ದಾರೆಯೇ, ಗರ್ಭಕಂಠಕ್ಕೆ ಹೊಲಿಗೆ ಹಾಕಿದ್ದಾರೆಯೇ? ಇಷ್ಟನ್ನೂ ಕೇಳದೆ ಮ್ಯಾಟ್ ಹಾಸಲು ಹೇಳಿದರೆ ಎರಡನೇ ದಿನ ಹೋಗಬೇಕಾಗಿಲ್ಲ.

ಆಸನಗಳಲ್ಲಿ ಹೆಚ್ಚು ಎಡವಟ್ಟಾಗುವುದು ಅಂಗಾಲುಗಳನ್ನು ಜೋಡಿಸಿ ಮಂಡಿ ಅಗಲಿಸಿ ಕೂರುವ ಬದ್ಧಕೋನಾಸನದಲ್ಲಿ. ಬಸಿರಿನಲ್ಲಿ ರಿಲ್ಯಾಕ್ಸಿನ್ ಮುಂತಾದ ಹಾರ್ಮೋನುಗಳಿಂದ ಸೊಂಟದ ಕೀಲುಗಳ ಬಿಗಿ ಸಡಿಲವಾಗಿರುತ್ತದೆ. ಹಾಗಾಗಿ ಮಂಡಿ ಸಲೀಸಾಗಿ ಕೆಳಗೆ ಹೋಗುತ್ತದೆ, "ಎಷ್ಟು ಚೆನ್ನಾಗಿ ಬಗ್ಗುತ್ತೀರಿ" ಎಂದು ಶಿಕ್ಷಕಿ ಮೇಲಿಂದ ಒತ್ತುತ್ತಾರೆ. ಒತ್ತಬಾರದು. ಮಂಡಿಗಳ ಕೆಳಗೆ ಒಂದೊಂದು ದಿಂಬು ಕೊಡಬೇಕು. ಹಾಸಿಗೆಯಲ್ಲಿ ಮಗ್ಗುಲಾಗುವಾಗ, ಮೆಟ್ಟಿಲು ಹತ್ತುವಾಗ ಕಿಬ್ಬೊಟ್ಟೆಯ ಕೆಳಗಿನ ಮೂಳೆ ನೋಯುತ್ತಿದ್ದರೆ ಕಾಲು ಅಗಲಿಸುವ ಆಸನಗಳನ್ನೇ ಕೈಬಿಡಬೇಕು.

ಶವಾಸನವನ್ನು ಐದು ತಿಂಗಳಾದ ಮೇಲೂ ಅಂಗಾತ ಮಾಡಿಸುವವರಿದ್ದಾರೆ. ತೂಕ ಹೆಚ್ಚಿದ ಗರ್ಭಕೋಶ ಬೆನ್ನೆಲುಬಿನ ಪಕ್ಕದ ದೊಡ್ಡ ರಕ್ತನಾಳವನ್ನು ಅದುಮುತ್ತದೆ. ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ ತಲೆ ಸುತ್ತಬಹುದು. ಎಡಮಗ್ಗುಲಲ್ಲಿ ಮಲಗಿಸಿ, ತಲೆಗೊಂದು, ಮಂಡಿಗಳ ನಡುವೆ ಒಂದು ದಿಂಬು, ಹೊಟ್ಟೆಯ ಅಡಿಗೆ ಮಡಿಸಿದ ಟವೆಲ್ ಕೊಟ್ಟರೆ ಸಾಕು.

ಕೊಟ್ಟ ದುಡ್ಡು ವಸೂಲಾಗುವುದು ಉಸಿರಾಟದಲ್ಲಿ. ಉಸಿರನ್ನು ರಭಸವಾಗಿ ಆಡಿಸುವ ಕಪಾಲಭಾತಿ, ಭಸ್ತ್ರಿಕಾ, ಉಸಿರು ಕಟ್ಟಿಹಿಡಿಯುವ ಕುಂಭಕ ಮೂರೂ ಬೇಡ. ಮೂಗಿನಿಂದ 4 ಎಣಿಸುವಷ್ಟು ಎಳೆದುಕೊಂಡು, ಸಡಿಲ ಬಾಯಿಂದ 6ರಿಂದ 8 ಎಣಿಸುವಷ್ಟು ಬಿಡುವುದು, ಇಷ್ಟೇ ಪಾಠ. ಒಳ್ಳೆಯ ಶಿಕ್ಷಕಿ ಅಂಗೈಗೆ ಐಸ್ ತುಂಡು ಕೊಟ್ಟು ಒಂದು ನಿಮಿಷ ಹಿಡಿದುಕೊಂಡೇ ಇದನ್ನು ಮಾಡಿಸುತ್ತಾರೆ. ಐಸ್ ಕೊರೆಯತೊಡಗಿದಾಗ ಹಲ್ಲು ಕಚ್ಚಿಕೊಳ್ಳುತ್ತದೆ, ಭುಜ ಕಿವಿಯತ್ತ ಏರುತ್ತದೆ, ಉಸಿರು ನಿಲ್ಲುತ್ತದೆ. ಈ ಮೂರನ್ನೂ ಅಲ್ಲೇ ಹಿಡಿದು ತಿದ್ದಬೇಕು. ಹೆರಿಗೆ ನೋವಿನಲ್ಲೂ ಆಗುವುದು ಇದೇ. ಬೇಗಬೇಗ ಏದುಸಿರು ಬಿಡುವುದನ್ನೇ ಕಲಿಸಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ಬೆರಳು, ತುಟಿ ಜುಮುಗುಡುತ್ತವೆ.

ಮೂತ್ರ ತಡೆಹಿಡಿಯುವ ಸ್ನಾಯುಗಳನ್ನು ಬಿಗಿಹಿಡಿದು ಸಡಿಲಿಸುವ ಕೀಗಲ್ ವ್ಯಾಯಾಮವನ್ನು ಮಾತ್ರ ಬಹುತೇಕ ಕಡೆ ಅರ್ಧ ಕಲಿಸಿ ಬಿಡುತ್ತಾರೆ. 5 ಸೆಕೆಂಡ್ ಬಿಗಿಹಿಡಿದರೆ ಕನಿಷ್ಠ ಅಷ್ಟೇ ಹೊತ್ತು ಪೂರ್ತಿ ಸಡಿಲಿಸಬೇಕು, ಹೀಗೆ 10 ಸಲ. ಪೃಷ್ಠ ಬಿಗಿಯಾದರೆ, ಉಸಿರು ಕಟ್ಟಿದರೆ ಅದು ಕೀಗಲ್ ಅಲ್ಲ. ಮಗು ಹೊರಬರುವಾಗ ಬೇಕಾಗುವುದು ಸಡಿಲಿಸುವ ಅಭ್ಯಾಸವೇ.

"ಮಲಾಸನ (ಕುಕ್ಕರಗಾಲಿನಲ್ಲಿ ಕೂರುವ ಆಸನ) ಮಾಡಿದರೆ ನಾರ್ಮಲ್ ಗ್ಯಾರಂಟಿ" ಎನ್ನುವ ಜಾಹೀರಾತಿಗೆ ಸೊನ್ನೆ. ಮಗು ಹೇಗೆ ತಿರುಗಿದೆ, ಮಾಸು ಎಲ್ಲಿದೆ ಎಂಬುದನ್ನು ಯಾವ ಆಸನವೂ ಕೇಳುವುದಿಲ್ಲ.

ಹೆರಿಗೆಯ ಪಾಠದಲ್ಲಿ 5-1-1 ಲೆಕ್ಕ ಎಲ್ಲರೂ ಹೇಳುತ್ತಾರೆ: 5 ನಿಮಿಷಕ್ಕೊಮ್ಮೆ ನೋವು, ಒಂದೊಂದೂ 1 ನಿಮಿಷ, ಹೀಗೆ 1 ಗಂಟೆ ಆದರೆ ಹೊರಡಿ. ಆದರೆ ಒಂದು ನೋವು ಶುರುವಾದಲ್ಲಿಂದ ಮುಂದಿನದು ಶುರುವಾಗುವವರೆಗೆ ಎಣಿಸಬೇಕೆಂದು ಬಿಡಿಸಿ ಹೇಳುವವರು ಕಡಿಮೆ. ಇದು ಚೊಚ್ಚಲ ಹೆರಿಗೆಯ ಲೆಕ್ಕ. ಎರಡನೆಯದಕ್ಕೆ ಇಷ್ಟು ಕಾಯಬಾರದು. ನೀರು ಹೋದರೆ, ರಕ್ತ ಕಂಡರೆ, ಮಗುವಿನ ಓಡಾಟ ಕಡಿಮೆಯಾದರೆ ಗಡಿಯಾರ ನೋಡುತ್ತಾ ಕೂರದೆ ಆಸ್ಪತ್ರೆಗೆ ಹೋಗಬೇಕು.

ಗಂಡಂದಿರನ್ನು ಒಂದು ದಿನವಾದರೂ ಕರೆಸಿ, ನೋವು ಬಂದಾಗ ಬೆನ್ನಿನ ತಳದ ಚಪ್ಪಟೆ ಮೂಳೆಯನ್ನು ಅಂಗೈ ಬುಡದಿಂದ ಒತ್ತಿಹಿಡಿಯುವುದನ್ನು ಕಲಿಸುವ ತರಗತಿಗೆ ಒಂದು ಅಂಕ ಜಾಸ್ತಿ.

ಸಿಸೇರಿಯನ್ ಮಾತನ್ನೇ ಎತ್ತದ ತರಗತಿಗೆ ಎರಡು ಅಂಕ ಕಡಿತ. ಮಂಡಿ ಮಡಿಸಿ, ಮಗ್ಗುಲಿಗೆ ಹೊರಳಿ, ಕೈ ಊರಿ ಏಳುವುದು, ಕೆಮ್ಮುವಾಗ ಹೊಲಿಗೆಗೆ ದಿಂಬು ಅದುಮಿಕೊಳ್ಳುವುದು, ಇವಕ್ಕೆ ಐದು ನಿಮಿಷ ಸಾಕು.

ಸೇರುವುದಾದರೆ ವೈದ್ಯರ ಒಪ್ಪಿಗೆ ಪಡೆದು ನಾಲ್ಕನೇ ತಿಂಗಳ ಹೊತ್ತಿಗೆ ಸೇರಿ. 37ನೇ ವಾರದಲ್ಲಿ ಸೇರಿದರೆ ಮಾಹಿತಿ ಸಿಗುತ್ತದೆ, ಉಸಿರು ಮೈಗೂಡುವಷ್ಟು ದಿನ ಉಳಿದಿರುವುದಿಲ್ಲ.